ಕಾಲ್ಚೆಂಡಿನಾಟದ ಒಬ್ಬ ಉಪಾಧ್ಯಾಯರು

ದೀಪಾವಳಿಯ ಹಬ್ಬ ಕಳೆದ ಮೇಲೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ಹೋರಿ ಬೆದರಿಸುವ ಆಟವು ಮೊದಲಾಗುತ್ತದೆ. ಕೊಬ್ಬರಿಯ ಸರಗಳನ್ನು ಕೊರಳಿಗೆ ಕಟ್ಟಿಸಿಕೊಂಡ ಹೋರಿಯು ಜನಸಂದಣಿಯ ನಡುವೆ ನುಗ್ಗಿ ಓಡುತ್ತದೆ; ಅದನ್ನು ತಡೆದು ಕೊಬ್ಬರಿಯನ್ನು ಹರಿಯಬೇಕೆಂದು ತರುಣರು ಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಕ್ಕದೆ ಪಾರಾದ ಹೋರಿಯ ಹೆಸರು ಮುಂದಿನ ಹಬ್ಬದವರೆಗೂ ಹುಡುಗರ ಬಾಯಲ್ಲಿ ಇರುತ್ತದೆ. ಆ ಹೋರಿಗೆ ಹುರುಳಿ ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಗದ್ದಲಕ್ಕೆ ಬೆದರದಂತೆ ಪಳಗಿಸಿದವನು ಯಾರೆಂದು ಕೇಳಿದರೆ, ಆ ಮನೆಯವರನ್ನು ಬಿಟ್ಟು ಹೇಳುವವರು ವಿರಳ.

ಮನುಷ್ಯರ ಆಟಗಳಲ್ಲಿಯೂ ಸಂಗತಿಯು ಬೇರೆಯಲ್ಲ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅವನ ಕಾಲಿಗೆ ಆ ಅಭ್ಯಾಸವನ್ನು ಕಲಿಸಿದವರು ಮೈದಾನದ ಅಂಚಿನಲ್ಲಿ ನಿಂತಿರುತ್ತಾರೆ. ನಾವು ಹೇಳಿದ ನಾಲ್ಕು ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಕಬಡ್ಡಿ, ಖೋ-ಖೋಗಳನ್ನು ಹೇಳಿಕೊಡುವ ಪಿ.ಟಿ. ಮಾಸ್ತರರು ಸಾಮಾನ್ಯವಾಗಿ ಒಬ್ಬರೇ. ಸುಣ್ಣದ ಗೆರೆಯನ್ನು ಎಳೆಯುವವರು ಅವರು. ಸೀಟಿ ಊದುವವರು ಅವರು. ಬಿದ್ದ ಹುಡುಗನ ಮಂಡಿಗೆ ಔಷಧ ಹಚ್ಚುವವರೂ ಅವರೇ. ಅವರು ಮಾಡುತ್ತಿರುವ ಕೆಲಸವು ಎಂಥದು, ಅದು ಎಷ್ಟು ದೂರ ಹೋಗಬಲ್ಲುದು, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ವಿವರಿಸುವುದಕ್ಕೆ ಒಬ್ಬರ ಜೀವಿತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದು ಲೇಸು. ನಾವು ಆರಿಸಿಕೊಂಡಿರುವವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ನಮ್ಮ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ಸಂಸ್ಥಾನದ ಒಳಗಿದ್ದ ಕಾಲದಲ್ಲಿ ಬೆಳೆದವರು ಅವರು. ಭಾರತದ ಕಾಲ್ಚೆಂಡಿನ ತಂಡವನ್ನು ಏಷ್ಯದ ಮೊದಲ ಸ್ಥಾನಕ್ಕೆ ಎರಡು ಸಲ ಮುಟ್ಟಿಸಿದವರು. ವೃತ್ತಿಯಿಂದ ಶಾಲೆಯ ಮಾಸ್ತರರು.

ರಹೀಮರು 1909ನೆಯ ಇಸವಿಯ ಆಗಸ್ಟ್ 17ರಂದು ಹುಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದರು. ಓದುವಾಗ ಅಲ್ಲಿಯ ವಿದ್ಯಾರ್ಥಿಗಳ ತಂಡದಲ್ಲಿ ಆಡಿದರು. ಆಮೇಲೆ ಕಾಚಿಗುಡದ ಮಿಡ್ಲ್ ಸ್ಕೂಲು, ದಾರುಲ್ ಉಲೂಮ್, ಚಾದರ್‌ಘಾಟ್ ಹೈಸ್ಕೂಲು ಮೊದಲಾದ ಕಡೆಗಳಲ್ಲಿ ಪಾಠ ಹೇಳಿದರು. ಶರೀರಶಿಕ್ಷಣದಲ್ಲಿ ಡಿಪ್ಲೊಮಾ ಪಡೆದದ್ದು ಉಪಾಧ್ಯಾಯರಾದ ಬಳಿಕ. ಈ ಕ್ರಮವು ಗಮನಿಸತಕ್ಕದ್ದು. ದೊಡ್ಡ ಆಟಗಾರನೆಂಬ ಕೀರ್ತಿಯನ್ನು ಪಡೆದು, ಕಾಲು ಸೋತ ಮೇಲೆ ಕಲಿಸುವುದಕ್ಕೆ ಬಂದವರಲ್ಲ ಅವರು. ಮೊದಲು ಮಕ್ಕಳಿಗೆ ಅರ್ಥವಾಗುವಂತೆ ಹೇಳುವುದು ಹೇಗೆಂಬುದನ್ನು ತರಗತಿಯಲ್ಲಿ ಕಲಿತು, ಆ ವಿದ್ಯೆಯನ್ನು ಮೈದಾನಕ್ಕೆ ಒಯ್ದವರು. 1940ರ ದಶಕದ ಆದಿಯಿಂದ ತೀರಿಕೊಳ್ಳುವವರೆಗೂ ಅವರು ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾಗಿದ್ದರು. ಹೀಗಾಗಿ ಪಂದ್ಯಗಳ ನಿಯಮವನ್ನು ಗೊತ್ತುಮಾಡುವ ಅಧಿಕಾರವೂ, ಹುಡುಗರಿಗೆ ಆಟ ಕಲಿಸುವ ಹೊಣೆಯೂ ಒಂದೇ ಕೈಯಲ್ಲಿ ಸೇರಿದುವು.

ಆ ಅಧಿಕಾರವನ್ನು ಅವರು ಉಪಯೋಗಿಸಿದ ರೀತಿಯಲ್ಲಿಯೇ ಅವರ ಬುದ್ಧಿಯ ವಿಶೇಷವು ಕಾಣುತ್ತದೆ. ಕಾಲ್ಚೆಂಡಿನಲ್ಲಿ ನಮ್ಮ ಹುಡುಗರಿಗೆ ಸಹಜವಾಗಿ ಬರುವ ದುರಭ್ಯಾಸಗಳು ಎರಡು. ಚೆಂಡು ಸಿಕ್ಕಿದವನು ಅದನ್ನು ಕಾಲಲ್ಲಿಯೇ ಆಡಿಸುತ್ತ, ಒಬ್ಬರನ್ನು ತಪ್ಪಿಸಿ, ಇಬ್ಬರನ್ನು ತಪ್ಪಿಸಿ, ಮೂರನೆಯವನಿಗೆ ಒಪ್ಪಿಸಿಬಿಡುವುದು ಒಂದು. ಬಲಗಾಲನ್ನು ಮಾತ್ರ ನಂಬಿ ಎಡಗಾಲನ್ನು ನಿಲ್ಲುವುದಕ್ಕಷ್ಟೇ ಇಟ್ಟುಕೊಳ್ಳುವುದು ಇನ್ನೊಂದು. ಇವನ್ನು ಬಿಡಿಸುವುದಕ್ಕೆ ಮಾಸ್ತರರು ಸಾಧಾರಣವಾಗಿ ಏನು ಮಾಡುತ್ತಾರೆ? ಕೂಗುತ್ತಾರೆ. ಹುಡುಗನು ಆ ಹೊತ್ತಿಗೆ ತಲೆಯಾಡಿಸಿ ಮರುಗಳಿಗೆಯಲ್ಲಿ ಹಳೆಯ ದಾರಿಗೇ ಹೋಗುತ್ತಾನೆ. ರಹೀಮರು ಕೂಗುವುದರ ಬದಲು ಪಂದ್ಯದ ನಿಯಮವನ್ನೇ ಬದಲಾಯಿಸಿದರು. ಚೆಂಡನ್ನು ಕಾಲಲ್ಲಿ ಆಡಿಸುತ್ತ ಒಯ್ಯಕೂಡದು, ಬಂದ ಕೂಡಲೇ ಜೊತೆಯವನಿಗೆ ಕೊಡತಕ್ಕದ್ದು ಎಂಬ ಕಟ್ಟಿನಿಂದ ಒಂದು ಪಂದ್ಯಾವಳಿಯನ್ನು ನಡೆಸಿದರು. ರೂಢಿಯಿಲ್ಲದ ಕಾಲಿನಿಂದಲೇ ಆಡಬೇಕೆಂದು ಇನ್ನೊಂದನ್ನು ಏರ್ಪಡಿಸಿದರು. ಎತ್ತರದ ಮಿತಿಯನ್ನು ಕಟ್ಟಿ, ಗಿಡ್ಡ ಹುಡುಗರು ತಮ್ಮ ಸಮಾನರೊಡನೆ ಆಡಿ ಬೆಳಕಿಗೆ ಬರುವಂತೆ ಮಾಡಿದರು. ಬಹುಮಾನದ ಆಸೆಯಿಂದ ಹುಡುಗರು ಆಡಿದರು. ಆಡುತ್ತ ಆಡುತ್ತ, ಯಾರೂ ಉಪದೇಶ ಮಾಡದೆಯೇ, ಎಡಗಾಲಿಗೂ ಕಣ್ಣು ಬಂದಿತು. ಬಾಯಿಂದ ಹೇಳತಕ್ಕ ಪಾಠವನ್ನು ಆಟದೊಳಗೇ ಅಡಗಿಸಿಡುವ ಈ ಉಪಾಯವು ನಮಗೆ ಅವರು ಗೆದ್ದ ಎಲ್ಲ ಕಪ್ಪುಗಳಿಗಿಂತಲೂ ಹೆಚ್ಚಿನದೆಂದು ತೋರುತ್ತದೆ. ಲೆಕ್ಕದ ಮಾಸ್ತರರು ಮಗ್ಗಿಯನ್ನು ಹಾಡಾಗಿಸುವುದಿಲ್ಲವೆ? ಇದೂ ಅದೇ ಜಾತಿಯದು.

1950ರಿಂದ ಹೈದರಾಬಾದು ನಗರದ ಪೊಲೀಸ್ ತಂಡವು ಅವರ ಶಿಕ್ಷಣದಲ್ಲಿ ಬೆಳಗಿತು. ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸಾಲಾಗಿ ಐದು ವರ್ಷ ಆ ತಂಡವೇ ಗೆದ್ದಿತು. ಕನ್ನಡಿಗರಿಗೆ ಈ ಕಪ್ಪು ಅಪರಿಚಿತವಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಅದನ್ನು ತಂದಿತ್ತು. ಗೋರರ ಪಲ್ಟಣಗಳ ಕೈಯಲ್ಲಿದ್ದ ಆ ಕಪ್ಪನ್ನು ಮೊದಲು ಬಿಡಿಸಿಕೊಂಡು ಬಂದ ಭಾರತೀಯ ತಂಡವು ಅದೇ. 1954ರ ಡ್ಯೂರಾಂಡ್ ಕಪ್ಪಿನ ಕೊನೆಯ ಪಂದ್ಯದಲ್ಲಿ ರಹೀಮರ ಪೊಲೀಸರಿಗೆ ಎದುರಾಗಿ ನಿಂತವರೂ ನಮ್ಮವರೇ: ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ. ಒಂದು ಗೋಲಿನಿಂದ ಸೋತರು. ಅತ್ತ ಮೈಸೂರು ತಂಡವು 1946-47ರಲ್ಲಿಯೂ 1952-53ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತ್ತು. ಆದುದರಿಂದ ದಕ್ಷಿಣದ ಎರಡು ಊರುಗಳು ಆ ಕಾಲದಲ್ಲಿ ಸ್ಪರ್ಧೆಯಿಂದ ಒಂದನ್ನೊಂದು ಹರಿತಮಾಡಿಕೊಳ್ಳುತ್ತಿದ್ದುವೆಂದು ಹೇಳಬಹುದು.

ದೇಶದ ತಂಡದ ಹೊಣೆ ರಹೀಮರ ಮೇಲೆ ಬಂದದ್ದೂ ಇದೇ ಸಮಯದಲ್ಲಿ. 1951ರ ಮಾರ್ಚಿ ತಿಂಗಳಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡೆಗಳ ಕೊನೆಯ ಪಂದ್ಯದಲ್ಲಿ ಭಾರತವು ಇರಾನನ್ನು ಒಂದು ಗೋಲಿನಿಂದ ಸೋಲಿಸಿತು. ಗೋಲು ಹೊಡೆದವನು ಸಾಹು ಮೇವಾಲಾಲ್. ಸಂಭ್ರಮವು ದೊಡ್ಡದಾಗಿತ್ತು, ಅದು ಬಹಳ ದಿನ ಉಳಿಯಲಿಲ್ಲ.

ಮರುವರ್ಷ, 1952ರಲ್ಲಿ, ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಯುಗೋಸ್ಲಾವಿಯದ ತಂಡವು ನಮ್ಮವರ ಮೇಲೆ ಹತ್ತು ಗೋಲುಗಳನ್ನು ಹೊಡೆಯಿತು. ನಮ್ಮ ಪಾಲಿಗೆ ಬಂದದ್ದು ಒಂದೇ. ಅದನ್ನು ಪಂದ್ಯವು ಮುಗಿಯುತ್ತಿರುವಾಗ ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಆ ಪಂದ್ಯದಲ್ಲಿ ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಬರಿಗಾಲಿನ ಆಟವನ್ನು ಬಡತನದ ಗುರುತೆಂದು ತಿಳಿಯಬಾರದು. ಬರಿಗಾಲಿಗೆ ಚೆಂಡಿನ ಸ್ಪರ್ಶವು ಚೆನ್ನಾಗಿ ಸಿಗುತ್ತದೆ. ಒಣನೆಲದಲ್ಲಿ ತಿರುಗುವುದು ಸುಲಭ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹಾಗೆಯೇ ಆಡಿ ಫ್ರಾನ್ಸಿನ ಎದುರು ಎರಡಕ್ಕೆ ಒಂದರಂತೆ ಮಾತ್ರ ಸೋತಿದ್ದರು. ಅಲ್ಲಿಯ ಒಂದು ಗೋಲೂ ಬೆಂಗಳೂರಿನ ಸಾರಂಗಪಾಣಿ ರಾಮನ್ನರದು. ಆದರೆ ಹೆಲ್ಸಿಂಕಿಯ ಚಳಿಯಲ್ಲಿ, ಜಾರುವ ಹುಲ್ಲಿನ ಮೇಲೆ, ಬೂಟು ತೊಟ್ಟವರ ನಡುವೆ ಬರಿಗಾಲು ನಿಲ್ಲಲಾರದು. ಇನ್ನೊಂದು ಕೊರತೆಯೂ ಇತ್ತು. ನಮ್ಮ ದೇಶದ ಪಂದ್ಯಗಳು ಆಗ ತೊಂಬತ್ತು ನಿಮಿಷ ನಡೆಯುತ್ತಿರಲಿಲ್ಲ. ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತಿದ್ದುವು. ಗಂಟೆಯ ಓಟಕ್ಕೆ ಕಟ್ಟಿದ ದೇಹವು ಒಂದೂವರೆ ಗಂಟೆಯ ಓಟದಲ್ಲಿ ಬಳಲದೆ ಇರುತ್ತದೆಯೆ?

ಹತ್ತಕ್ಕೆ ಒಂದು ಎಂಬ ಆ ಅಂಕವು ಎಂಥ ಮಾಸ್ತರರನ್ನೂ ಮೂಲೆಗೆ ಕೂರಿಸಬಹುದಾಗಿತ್ತು. ರಹೀಮರು ಅದನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ಬಿಡಿಸಿ ಓದಿದರು. ಬೂಟು ಕಡ್ಡಾಯವಾಯಿತು. ದಮ್ಮು ಬೆಳೆಸುವ ಅಭ್ಯಾಸಗಳು ಹೆಚ್ಚಿದುವು. ಆಟಗಾರರನ್ನು ನಿಲ್ಲಿಸುವ ರೀತಿಯಲ್ಲಿಯೂ ಬದಲಾವಣೆ ಬಂದಿತು. ಇದನ್ನು ಸ್ವಲ್ಪ ವಿವರಿಸಬೇಕು. ಹಳೆಯ ಪದ್ಧತಿಯಲ್ಲಿ ಹನ್ನೊಂದು ಮಂದಿಯಲ್ಲಿ ಗೋಲ್‌ಕೀಪರನನ್ನು ಬಿಟ್ಟರೆ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಆಕ್ರಮಣಕ್ಕೆ ಐವರಿದ್ದರೂ ಕಾಯುವುದಕ್ಕೆ ಇಬ್ಬರೇ. 1953ರಲ್ಲಿ ಹಂಗೆರಿಯವರು ಇಂಗ್ಲೆಂಡನ್ನು ಅದರ ಮನೆಯಂಗಳದಲ್ಲಿಯೇ ಆರಕ್ಕೆ ಮೂರರಂತೆ ಸೋಲಿಸಿದಾಗ ಜಗತ್ತೇ ಬೆರಗಾಯಿತು. ಅವರ ನಡುಮುಂದಾಳು ಎದುರಾಳಿಯ ಗೋಲಿನ ಬಳಿ ನಿಲ್ಲದೆ ಹಿಂದಕ್ಕೆ ಸರಿದು ಆಡುತ್ತಿದ್ದನು. ಅವನನ್ನು ಕಾಯಬೇಕಾದವನು ಹಿಂಬಾಲಿಸಿ ಹೋದರೆ ಗೋಲಿನ ಮುಂದೆ ಬಾಗಿಲು ತೆರೆಯುತ್ತಿತ್ತು. ಹೋಗದಿದ್ದರೆ ಅವನು ಸ್ವತಂತ್ರನಾಗಿ ಆಟವನ್ನು ಕಟ್ಟುತ್ತಿದ್ದನು. ಈ ಹೊಸ ವಿದ್ಯೆಯನ್ನು ರಹೀಮರು ಬೇಗನೆ ಗುರುತಿಸಿ ತಮ್ಮ ಹುಡುಗರಿಗೆ ಅಳವಡಿಸಿದರು. ಮುಂದೆ ಬ್ರೆಜಿಲಿನವರಿಂದ ಲೋಕಪ್ರಸಿದ್ಧವಾದ ವ್ಯೂಹ, ಎಂದರೆ ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬುದು, ಭಾರತದ ತಂಡಕ್ಕೆ ಬಂದದ್ದು ಅವರ ಕಾಲದಲ್ಲಿಯೇ.

ಫಲವು ನಾಲ್ಕು ವರ್ಷಗಳಲ್ಲಿ ಕಂಡಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಹಂಗೆರಿಯವರು ಬಾರದೆ ಹೋದುದರಿಂದ ಭಾರತವು ಆಡದೆಯೇ ಮುಂದಿನ ಸುತ್ತಿಗೆ ಏರಿ, ಅಲ್ಲಿ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ ನಾಲ್ಕಕ್ಕೆ ಎರಡರಂತೆ ಸೋಲಿಸಿತು. ನಾಲ್ಕರಲ್ಲಿ ಮೂರು ಗೋಲುಗಳು ನೆವಿಲ್ ಡಿಸೋಜ ಒಬ್ಬನವೇ. ಆಮೇಲೆ ಎದುರಾದುದು ಅದೇ ಯುಗೋಸ್ಲಾವಿಯ. ಈ ಸಲ ಮೊದಲು ಗೋಲು ಹೊಡೆದವರು ನಮ್ಮವರು! ಕೊನೆಗೆ ನಾಲ್ಕಕ್ಕೆ ಒಂದರಂತೆ ಸೋತರು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯದ ಎದುರು ಸೋತು ನಾಲ್ಕನೆಯವರಾದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತವು ಅದಕ್ಕಿಂತ ಮೇಲಕ್ಕೆ ಎಂದೂ ಏರಿಲ್ಲ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರು ಇದ್ದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಪದಕದ ಸುತ್ತಿಗೆ ಹೋಗಲಾಗಲಿಲ್ಲ. ಆದರೂ ಹಂಗೆರಿಗೆ ಎರಡಕ್ಕೆ ಒಂದರಂತೆ ಸೋತು, ಫ್ರಾನ್ಸಿನೊಡನೆ ಒಂದೊಂದು ಗೋಲಿನಿಂದ ಸರಿಸಮವಾಗಿ ನಿಂತ ತಂಡವನ್ನು ದುರ್ಬಲವೆನ್ನುವಂತಿಲ್ಲ.

ಗೆಲವು ಸೋಲುಗಳ ಲೆಕ್ಕವನ್ನು ಇಲ್ಲಿಗೆ ನಿಲ್ಲಿಸಿ, ಹುಡುಗರನ್ನು ಅವರು ಹುಡುಕುತ್ತಿದ್ದ ಬಗೆಯನ್ನು ನೋಡೋಣ. ಸಿಕಂದರಾಬಾದಿನ ಹತ್ತಿರದ ಅಮ್ಮುಗುಡ ಎಂಬ ಊರಿನಲ್ಲಿ ತುಳಸೀದಾಸ್ ಬಲರಾಮ್ ಎಂಬ ಬಡಹುಡುಗನಿದ್ದನು. ಅವನ ಆಟವನ್ನು ನೋಡಿದ ರಹೀಮರು ಅಭ್ಯಾಸಕ್ಕೆ ಬಾ ಎಂದು ಕರೆದರು. ದಿನವೂ ಅಷ್ಟು ದೂರ ಬರುವುದಕ್ಕೆ ಅವನಲ್ಲಿ ಹಣವಿರಲಿಲ್ಲ. ಮಾಸ್ತರರು ಬಾಡಿಗೆ ಸೈಕಲ್ಲಿನ ಹಣವನ್ನು ತಾವೇ ಕೊಟ್ಟು ಬರಮಾಡಿಕೊಂಡರು. ಆ ಹುಡುಗನು ಮೆಲ್ಬರ್ನಿಗೆ ಹೋದನು, ರೋಮಿನಲ್ಲಿ ಎರಡು ಗೋಲು ಹೊಡೆದನು, ಜಕಾರ್ತದಲ್ಲಿ ಪದಕ ಪಡೆದನು. ಸಿರಿವಂತ ಸಂಘಗಳು ಆಟಗಾರರನ್ನು ಕೊಳ್ಳುವುದಕ್ಕೆ ಸುರಿಯುವ ಹಣದ ಮುಂದೆ ಒಂದು ಬಾಡಿಗೆ ಸೈಕಲ್ಲಿನ ಬೆಲೆ ಎಷ್ಟೆಂದು ಕೇಳುಗರೇ ತೂಗಿ ನೋಡಬಹುದು.

ಇನ್ನು ಜಕಾರ್ತದ ಸಂಗತಿ. 1962ರಲ್ಲಿ ಅಲ್ಲಿ ನಡೆದ ಏಷ್ಯನ್ ಕ್ರೀಡೆಗಳಿಗೆ ತಂಡವನ್ನು ಕರೆದೊಯ್ದಾಗ ರಹೀಮರ ಶ್ವಾಸಕೋಶವನ್ನು ಕ್ಯಾನ್ಸರ್ ರೋಗವು ತಿನ್ನುತ್ತಿತ್ತು. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ ಎರಡು ಗೋಲುಗಳಿಂದ ಸೋತರು. ಆಮೇಲೆ ಥಾಯ್ಲೆಂಡನ್ನೂ ಜಪಾನನ್ನೂ ಗೆದ್ದರು. ಆದರೆ ಹಿಂಬದಿಯನ್ನು ಕಾಯುತ್ತಿದ್ದ ಜರ್ನೈಲ್ ಸಿಂಗನ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಬೇಕಾಯಿತು. ಅಂಥವನನ್ನು ಕೂರಿಸುವುದು ಸಾಮಾನ್ಯ ನ್ಯಾಯ. ರಹೀಮರು ಅವನನ್ನು ಹಿಂದಿನಿಂದ ತೆಗೆದು ಮುಂದಕ್ಕೆ, ಗೋಲು ಹೊಡೆಯುವ ಸ್ಥಾನಕ್ಕೆ ನಿಲ್ಲಿಸಿದರು. ಚಿಕ್ಕವನಾಗಿದ್ದಾಗ ಅವನು ಅಲ್ಲಿ ಆಡಿದ್ದನೆಂಬುದು ಅವರಿಗೆ ನೆನಪಿತ್ತು. ಶಿಷ್ಯನ ಹಿಂದಿನ ಪುಟಗಳನ್ನೂ ಓದಿಕೊಂಡಿರುವ ಉಪಾಧ್ಯಾಯರಿಗೆ ಮಾತ್ರ ಇಂಥ ಧೈರ್ಯವು ಬರುತ್ತದೆ. ದಕ್ಷಿಣ ವಿಯೆಟ್ನಾಮಿನ ಎದುರು ಮೂರಕ್ಕೆ ಎರಡರಂತೆ ಗೆದ್ದ ಪಂದ್ಯದಲ್ಲಿ ಜರ್ನೈಲನೂ ಒಂದು ಗೋಲು ಹೊಡೆದನು.

ಕೊನೆಯ ಪಂದ್ಯಕ್ಕೆ ಮತ್ತೆ ದಕ್ಷಿಣ ಕೊರಿಯ. ಅಷ್ಟರಲ್ಲಿ ಊರಿನ ವಾತಾವರಣವೇ ಕೆಟ್ಟುಹೋಗಿತ್ತು. ಇಸ್ರೇಲಿನವರನ್ನೂ ತೈವಾನಿನವರನ್ನೂ ಇಂಡೋನೇಷ್ಯದ ಸರ್ಕಾರವು ಹೊರಗಿಟ್ಟದ್ದರಿಂದ, ಇವನ್ನು ಏಷ್ಯನ್ ಕ್ರೀಡೆಗಳೆಂದು ಕರೆಯಬಾರದೆಂದು ಭಾರತದ ಪ್ರತಿನಿಧಿ ಸೋಂಧಿಯವರು ಆಕ್ಷೇಪಿಸಿದ್ದರು. ಜನರು ಸಿಟ್ಟಿಗೆದ್ದು ಭಾರತದ ರಾಯಭಾರ ಕಚೇರಿಯ ಮೇಲೆ ಏರಿಹೋದರು. ನಮ್ಮ ಆಟಗಾರರು ಬಸ್ಸಿನಲ್ಲಿ ಹೋಗುವಾಗ ಕಲ್ಲಿನ ಭಯದಿಂದ ತಲೆ ತಗ್ಗಿಸಿ ಕುಳಿತುಕೊಳ್ಳಬೇಕಾಯಿತು. ಪಂದ್ಯದ ಹಿಂದಿನ ರಾತ್ರಿ ರಹೀಮರು ಹುಡುಗರೊಡನೆ ಮಾತಾಡಿ, ನಾಳೆ ನೀವು ನನಗೆ ಒಂದು ಉಡುಗೊರೆಯನ್ನು ಕೊಡಬೇಕು, ಚಿನ್ನವನ್ನು ಗೆಲ್ಲಬೇಕು ಎಂಬ ಅರ್ಥದಲ್ಲಿ ಬೇಡಿಕೊಂಡರೆಂದು ಆ ತಂಡದವರೇ ಮುಂದೆ ನೆನೆದುಕೊಂಡಿದ್ದಾರೆ. ಶಿಷ್ಯರಿಂದ ಏನನ್ನೂ ಕೇಳದೆ ಇದ್ದವರು ಒಮ್ಮೆ ಕೇಳಿದರೆ ಅದರ ತೂಕವೇ ಬೇರೆ.

ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನ ನೆರೆದಿದ್ದ ಮೈದಾನದಲ್ಲಿ, ಭಾರತದ ಹೆಸರು ಬಂದಾಗಲೆಲ್ಲ ಎದ್ದ ಕೂಗಿನ ನಡುವೆ ಆಟವು ಮೊದಲಾಯಿತು. ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ನಮ್ಮವರ ಪರವಾಗಿ ಚಪ್ಪಾಳೆ ತಟ್ಟಿದರಂತೆ. ಇದನ್ನು ಹೇಳುವಾಗ ನಮ್ಮ ಮನಸ್ಸು ಮೃದುವಾಗುತ್ತದೆ. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದನು. ಇಪ್ಪತ್ತನೆಯ ನಿಮಿಷದಲ್ಲಿ ತಲೆಗೆ ಪಟ್ಟಿಯನ್ನು ಕಟ್ಟಿಕೊಂಡಿದ್ದ ಜರ್ನೈಲನು ಇನ್ನೊಂದನ್ನು ಹೊಡೆದನು. ಕೊರಿಯದವರು ಕೊನೆಯ ಗಳಿಗೆಯಲ್ಲಿ ಒಂದನ್ನು ಹಿಂತಿರುಗಿಸಿದರು, ಅಷ್ಟೇ. ಚುನಿ ಗೋಸ್ವಾಮಿಯ ನಾಯಕತ್ವದ ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಿನಲ್ಲಿ ಭಾರತಕ್ಕೆ ಚಿನ್ನವು ಬಂದದ್ದು ಅದೇ ಕಡೆಯ ಸಲ. ಒಂಬತ್ತು ತಿಂಗಳ ಮೇಲೆ, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು. ವಯಸ್ಸು ಐವತ್ತಮೂರು.

ಈಗ ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಯ ಕಠಿನ ಭಾಗಕ್ಕೆ ಬರಬೇಕು. ಅವರು ಹೋದ ಮೇಲೆ ಆದುದೇನು? 1964ರಲ್ಲಿ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಮೂರನೆಯ ಸ್ಥಾನ. ಬ್ಯಾಂಕಾಕಿನಲ್ಲಿ ನಾಯಕನಾಗಿದ್ದವನು ಹೈದರಾಬಾದಿನ ಸೈಯದ್ ನಯೀಮುದ್ದೀನ್; ಆಟ ಹೇಳಿಕೊಟ್ಟವರಲ್ಲಿ ಒಬ್ಬರು ಪಿ. ಕೆ. ಬ್ಯಾನರ್ಜಿ. ಹಚ್ಚಿದ ದೀಪದಲ್ಲಿ ಉಳಿದಿದ್ದ ಎಣ್ಣೆಯ ಬೆಳಕು ಅದು. ಅದಾದ ಮೇಲೆ ಏಷ್ಯನ್ ಕ್ರೀಡೆಗಳ ಕಾಲ್ಚೆಂಡಿನಲ್ಲಿ ನಮಗೆ ಯಾವ ಪದಕವೂ ಬರಲಿಲ್ಲ. ಹೈದರಾಬಾದಿನ ಮೈದಾನಗಳೂ ಹಿಂದಿನಂತೆ ಆಟಗಾರರನ್ನು ಕೊಡಲಿಲ್ಲ.

ಇದಕ್ಕೆ ಕಾರಣಗಳು ಹಲವಿವೆ. ಜಪಾನು, ಕೊರಿಯಗಳು ಹಣವನ್ನೂ ವ್ಯವಸ್ಥೆಯನ್ನೂ ಕೂಡಿಸಿಕೊಂಡು ಮುಂದುವರಿದುವು. ನಮ್ಮ ದೇಶದ ಮನಸ್ಸು ಕ್ರಿಕೆಟ್ಟಿನ ಕಡೆಗೆ ಹರಿಯಿತು. ಅವೆಲ್ಲವೂ ನಿಜ. ಆದರೆ ನಮ್ಮ ಅಭಿಪ್ರಾಯದಲ್ಲಿ ಒಂದು ಕಾರಣವು ಉಳಿದವುಗಳಿಗಿಂತ ಸಮೀಪದ್ದು. ರಹೀಮರು ಒಬ್ಬರೇ ಇದ್ದರು. ಈಗಿನ ತಂಡಗಳಲ್ಲಿ ಮುಖ್ಯ ಶಿಕ್ಷಕರ ಜೊತೆಗೆ ಸಹಾಯಕರು ಇಬ್ಬರೋ ಮೂವರೋ, ಗೋಲ್‌ಕೀಪರನಿಗೆ ಬೇರೆ ಒಬ್ಬರು, ದೇಹಬಲಕ್ಕೆ ಒಬ್ಬರು, ಗಾಯಗಳನ್ನು ನೋಡುವುದಕ್ಕೆ ಒಬ್ಬರು, ಹೀಗೆ ಒಂದು ಪರಿವಾರವೇ ಇರುತ್ತದೆ. ಆ ಕಾಲದಲ್ಲಿ ಇಂಥ ಪರಿವಾರವಿರಲಿಲ್ಲ. ಎಡಗಾಲಿನ ಪಂದ್ಯವಾಗಲಿ, ಗಿಡ್ಡ ಹುಡುಗರ ಪಂದ್ಯವಾಗಲಿ ಒಬ್ಬರ ತಲೆಯಲ್ಲಿ ಹುಟ್ಟಿ ಒಬ್ಬರ ಕೈಯಿಂದ ನಡೆದುದು. ಕೈ ನಿಂತಾಗ ಅದೂ ನಿಂತಿತು. ಅವರ ಶಿಷ್ಯರಲ್ಲಿ ಶಿಕ್ಷಕರಾದವರು ಇಲ್ಲದಿಲ್ಲ. ಬ್ಯಾನರ್ಜಿಯವರು ಕಲ್ಕತ್ತೆಯಲ್ಲಿ ಹೆಸರಾದ ಶಿಕ್ಷಕರಾದರು. ನಯೀಮುದ್ದೀನರಿಗೆ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ರಹೀಮರ ಮಗ ಸೈಯದ್ ಶಾಹಿದ್ ಹಕೀಮರು ರೋಮಿಗೆ ಹೋದ ತಂಡದಲ್ಲಿದ್ದು, ಮುಂದೆ ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರೂ, 1982ರ ದೆಹಲಿಯ ಕ್ರೀಡೆಗಳಲ್ಲಿ ಬ್ಯಾನರ್ಜಿಯವರ ಸಹಾಯಕರೂ ಆದರು. 2021ರ ಆಗಸ್ಟಿನಲ್ಲಿ ನಮ್ಮ ಕಲಬುರ್ಗಿಯಲ್ಲಿ ಕೊನೆಯುಸಿರೆಳೆದರು. ಆದರೆ ಅವರೆಲ್ಲ ಚೆದರಿದ ಕಿಡಿಗಳು. ಗುರುವಿನ ಪಕ್ಕದಲ್ಲಿ ಹತ್ತು ವರ್ಷ ನಿಂತು, ಅದೇ ಊರಿನಲ್ಲಿ, ಅದೇ ಕುರ್ಚಿಯಲ್ಲಿ ಕುಳಿತು ಕೆಲಸವನ್ನು ಮುಂದುವರಿಸಿದವರು ದೊರೆಯಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನು ಇಡುತ್ತೇವೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ 1963ರಲ್ಲಿಯೇ, ಎ೦ದರೆ ರಹೀಮರು ತೀರಿಕೊಂಡ ವರ್ಷದಲ್ಲಿಯೇ, ಜೆರಿ ಯೇಗ್ಲಿ ಎಂಬ ಶರೀರಶಿಕ್ಷಣದ ಅಧ್ಯಾಪಕರು ಬಂದರು. ಆ ದೇಶದಲ್ಲಿ ಆಗ ಕಾಲ್ಚೆಂಡಿಗೆ ಹೇಳಿಕೊಳ್ಳುವ ಮರ್ಯಾದೆ ಇರಲಿಲ್ಲ. ಅವರಲ್ಲಿ ಫುಟ್‌ಬಾಲ್ ಎಂಬ ಹೆಸರನ್ನು ಕೈಯಲ್ಲಿ ಹಿಡಿದೋಡುವ ಬೇರೊಂದು ಆಟವು ಕಿತ್ತುಕೊಂಡಿದೆ. ಯೇಗ್ಲಿಯವರ ತಂಡಕ್ಕೆ ಕಾಲೇಜಿನ ಅಧಿಕೃತ ಸ್ಥಾನವು ದೊರೆಯುವುದಕ್ಕೆ ಹತ್ತು ವರ್ಷ ಹಿಡಿಯಿತು, 1973ರಲ್ಲಿ ದೊರೆಯಿತು. ಅಲ್ಲಿಂದ ಮೂವತ್ತೊಂದು ಋತುಗಳು ಅವರೇ ಶಿಕ್ಷಕರು. ಗೆದ್ದ ಪಂದ್ಯಗಳು 544. ರಾಷ್ಟ್ರದ ಕಾಲೇಜುಗಳ ಪ್ರಥಮ ಸ್ಥಾನವು ಆರು ಸಲ. ಆರನೆಯದು ಅವರು ನಿವೃತ್ತರಾದ 2003ನೆಯ ವರ್ಷದಲ್ಲಿ. ಇಷ್ಟನ್ನು ಕೇಳಿ ಆಶ್ಚರ್ಯಪಡುವುದಕ್ಕಿಂತ ಮರುವರ್ಷ ನಡೆದುದನ್ನು ಕೇಳುವುದು ಉಚಿತ. ಅವರ ಸ್ಥಾನಕ್ಕೆ ಬಂದವರು ಮೈಕ್ ಫ್ರೈಟಾಗ್. ಇವರು ಯೇಗ್ಲಿಯವರ ಕೈಕೆಳಗೆ ಆಡಿ, ಆಮೇಲೆ ಅವರ ಸಹಾಯಕರಾಗಿ ವರ್ಷಗಟ್ಟಲೆ ದುಡಿದವರು. 2004ರಲ್ಲಿಯೂ ಪ್ರಥಮ ಸ್ಥಾನವು ಇಂಡಿಯಾನಾಕ್ಕೇ ಬಂದಿತು. 2010ರಿಂದ ಯೇಗ್ಲಿಯವರ ಮಗ, ಅವರ ಶಿಷ್ಯನೂ ಆಗಿದ್ದ ಟಾಡ್, ಆ ಹೊಣೆಯನ್ನು ಹೊತ್ತರು. 2012ರಲ್ಲಿ ಮತ್ತೊಮ್ಮೆ ಗೆದ್ದರು. ಗುರು ಬದಲಾದರೂ ಅಡಿಗೆಯ ಹದವು ಕೆಡಲಿಲ್ಲ. ಒಲೆಯ ಬಳಿ ನಿಂತಿದ್ದವರಿಗೆ ಉಪ್ಪಿನ ಅಳತೆ ಗೊತ್ತಿತ್ತು.

ಯೇಗ್ಲಿಯವರು ರಹೀಮರಿಗಿಂತ ದೊಡ್ಡವರೆಂದು ನಾವು ಹೇಳುತ್ತಿಲ್ಲ. ಒಂದು ಕಾಲೇಜಿನ ಹುಡುಗರನ್ನು ಗೆಲ್ಲಿಸುವುದಕ್ಕೂ, ಬೂಟಿಲ್ಲದ ದೇಶವನ್ನು ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನಕ್ಕೆ ಒಯ್ಯುವುದಕ್ಕೂ ಹೋಲಿಕೆ ಎಲ್ಲಿಯದು? ಯುಕ್ತಿಯಲ್ಲಿ ರಹೀಮರ ಸಮಾನರು ಯಾವ ದೇಶದಲ್ಲಿಯೂ ಕಡಮೆ. ವ್ಯತ್ಯಾಸವಿದ್ದುದು ಅವರ ಸುತ್ತಣ ವ್ಯವಸ್ಥೆಯಲ್ಲಿ. ಒಂದು ಕಡೆ ಸಂಸ್ಥೆಯು ಸಹಾಯಕರಿಗೆ ಸಂಬಳ ಕೊಟ್ಟು ಇಟ್ಟುಕೊಂಡಿತು. ಇನ್ನೊಂದು ಕಡೆ ಪದಕವನ್ನು ಪಡೆದುಕೊಂಡು, ಮಾಸ್ತರರನ್ನು ಒಬ್ಬರನ್ನೇ ಬಿಟ್ಟರು. 2024ರಲ್ಲಿ ಅವರ ಜೀವಿತವನ್ನು ಕುರಿತ ‘ಮೈದಾನ್’ ಎಂಬ ಹಿಂದಿ ಚಲನಚಿತ್ರವು ಬಂದ ಮೇಲೆ ಅವರ ಹೆಸರನ್ನು ಮೊದಲ ಸಲ ಕೇಳಿದವರು ಎಷ್ಟೋ ಮಂದಿ.

ಹಾನಗಲ್ಲಿನ ಕಡೆಯ ಹೈಸ್ಕೂಲಿನ ಮಾಸ್ತರರಿಗೆ ಸಂಬಳದ ಸಹಾಯಕರನ್ನು ಯಾರೂ ನಾಳೆಯೇ ಕೊಡಲಾರರು. ಆದರೂ ರಹೀಮರ ಉಪಾಯವನ್ನು ಒಬ್ಬರೇ ಇದ್ದೂ ನಡೆಸಬಹುದು. ಅದಕ್ಕೆ ಬೇಕಾದುದು ಒಂದು ಚೆಂಡು ಮತ್ತು ಸುಣ್ಣದ ಗೆರೆ. ಕಡೆಕಡೆಗೆ ಎಂಟೆಂಟು ಮಂದಿಯನ್ನು ನಿಲ್ಲಿಸಿ, ಹತ್ತು ನಿಮಿಷ ಎಡಗಾಲಿನಿಂದ ಮಾತ್ರ ಆಡತಕ್ಕದ್ದೆಂದು ಗೊತ್ತುಮಾಡಬೇಕು, ಎಡಚರಿಗೆ ಬಲಗಾಲು. ತಪ್ಪುಗಾಲು ತಾಕಿದರೆ ಚೆಂಡು ಎದುರು ಪಕ್ಷಕ್ಕೆ. ಮುಂದಿನ ಹತ್ತು ನಿಮಿಷ ಎರಡು ಕಾಲೂ ಸರಿ, ಆದರೆ ಒಬ್ಬನು ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಮುಟ್ಟಬಾರದು. ಕಬಡ್ಡಿಗೂ ಇದು ಸಲ್ಲುತ್ತದೆ: ಬಲಗಡೆಯಿಂದಲೇ ನುಗ್ಗಿ ರೂಢಿಯಾದವನನ್ನು ಒಂದು ವಾರ ಎಡಗಡೆಯಿಂದ ಮಾತ್ರ ಕಳುಹಿಸಿ ನೋಡಬಹುದು. ತಪ್ಪುಗಳನ್ನು ಎಣಿಸುವ ಕೆಲಸವನ್ನು ಮಾಸ್ತರರು ತಾವು ಮಾಡದೆ ಹತ್ತನೆಯ ತರಗತಿಯ ಇಬ್ಬರಿಗೆ ಒಪ್ಪಿಸಲಿ. ಅವರ ಬಳಿ ಒಂದು ನೋಟುಪುಸ್ತಕವಿರಲಿ. ಯಾರ ಎಡಗಾಲು ಎಷ್ಟು ಸಲ ತಪ್ಪಿತು, ಯಾವ ನಿಯಮವು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು ಅದರಲ್ಲಿ ಬರೆದಿಡಲಿ. ಪರೀಕ್ಷೆ ಮುಗಿಸಿ ಶಾಲೆಯನ್ನು ಬಿಡುವ ದಿನ ಆ ನೋಟುಪುಸ್ತಕವನ್ನೂ ಸೀಟಿಯನ್ನೂ ಒಂಬತ್ತನೆಯ ತರಗತಿಯ ಇಬ್ಬರ ಕೈಗೆ ಕೊಟ್ಟು ಹೋಗಲಿ.